ವಕೀಲಿ ವೃತ್ತಿಯ ಹೊಣೆ ಮತ್ತು ಅದರ ರಕ್ಷಣೋಪಾಯಗಳು

ನ್ಯಾಯಾಲಯದಲ್ಲಿ ಮಾತನಾಡುವವನು ವಕೀಲ. ಆ ಮಾತಿನ ಫಲವನ್ನು ಉಣ್ಣುವವನು ಕಕ್ಷಿಗಾರ. ಒಬ್ಬನ ಪರವಾಗಿ ನಿಯುಕ್ತನಾದವನು ವಾದಿಸಿದಲ್ಲಿ ಅದರ ಜಯವೂ ಪರಾಜಯವೂ ನಿಯೋಗಿಸಿದವನಿಗೇ ಸಲ್ಲತಕ್ಕವೆಂಬ ನಿಯಮವನ್ನು ನಾರದಸ್ಮೃತಿ ಬಹು ಹಿಂದೆಯೇ ಹೇಳಿದೆ. ಇಂದಿನ ವಕಾಲತ್ತುನಾಮೆಯ ತಿರುಳೂ ಇದೇ. ಈ ವ್ಯವಸ್ಥೆಯಿಂದ ಒಂದು ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ: ನಿಯುಕ್ತನ ಅಜಾಗರೂಕತೆಯಿಂದಲೇ ಸೋಲು ಬಂದರೆ ಆ ನಷ್ಟವನ್ನು ಹೊರತಕ್ಕವರು ಯಾರು?

ಇದಕ್ಕೆ ಕಾಯಿದೆ ಕೊಡುವ ಉತ್ತರವನ್ನೂ, ಇಂಥ ಪ್ರಶ್ನೆಯೇ ಏಳದಂತೆ ವಕೀಲನು ಕೈಕೊಳ್ಳಬಹುದಾದ ಉಪಾಯಗಳನ್ನೂ, ಮುಂಬಯಿಯ ಉಪನಗರವಾದ ಜೋಗೇಶ್ವರಿಯನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿವೇಚಿಸಲಾಗಿದೆ. ವಕೀಲನ ಮೇಲೆ ಬರುವ ದೂರುಗಳೆಲ್ಲ ಕಾನೂನಿನ ಗಹನತತ್ವಗಳನ್ನು ಅರಿಯದುದರಿಂದ ಹುಟ್ಟಿದವಲ್ಲ. ತಾರೀಖು ತಪ್ಪಿದುದರಿಂದ, ಮಾತು ಬರಹಕ್ಕೆ ಇಳಿಯದುದರಿಂದ, ತಾನು ಯಾರ ವಕೀಲನೆಂಬುದು ಸ್ಪಷ್ಟವಾಗದುದರಿಂದ ಹುಟ್ಟುವ ದೂರುಗಳೂ ಉಂಟು. ಮೊದಲನೆಯ ದೋಷಕ್ಕೆ ವ್ಯಾಸಂಗವೇ ಮದ್ದು. ಉಳಿದವುಗಳಿಗೆ ಬೇಕಾದುದು ಕ್ರಮ. ಆ ಕ್ರಮದ ಮೂಲಸೂತ್ರವು ಬರಹ.

೧. ಹೊಣೆಯ ಮೂರು ಮುಖಗಳು

ವಕೀಲನ ಹೊಣೆಯು ಮೂರು ಬಗೆಯದು. ಮೊದಲನೆಯದು ಶಿಸ್ತಿಗೆ ಸಂಬಂಧಿಸಿದುದು. ೧೯೬೧ರ ಅಡ್ವೊಕೇಟರ ಕಾಯಿದೆಯ ೩೫ನೆಯ ಕಲಮಿನಂತೆ ವೃತ್ತಿಯಲ್ಲಿ ದುರ್ನಡತೆ ತೋರಿದವನನ್ನು ರಾಜ್ಯದ ವಕೀಲರ ಪರಿಷತ್ತು ಛೀಮಾರಿಗೆ ಗುರಿಪಡಿಸಬಹುದು, ಕೆಲಕಾಲ ವೃತ್ತಿಯಿಂದ ದೂರವಿಡಬಹುದು, ಅಥವಾ ಅವನ ಹೆಸರನ್ನು ಪಟ್ಟಿಯಿಂದಲೇ ತೆಗೆದುಹಾಕಬಹುದು. ಜೋಗೇಶ್ವರಿಯ ಕಕ್ಷಿಗಾರನ ದೂರು ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿಗೆ ಹೋಗತಕ್ಕದ್ದು. ಅಲ್ಲಿಂದ ಭಾರತೀಯ ವಕೀಲರ ಪರಿಷತ್ತಿಗೂ ಅನಂತರ ಸರ್ವೋಚ್ಚ ನ್ಯಾಯಾಲಯಕ್ಕೂ ಅಪೀಲು ಉಂಟು. ಪ್ರತಿಯೊಂದಕ್ಕೂ ೬೦ ದಿನಗಳ ಮುದ್ದತು. ಆದರೆ ಕೇವಲ ಅಜಾಗರೂಕತೆ ಅಥವಾ ತಪ್ಪು ಅಭಿಪ್ರಾಯ ದುರ್ನಡತೆಯಾಗಲಾರದು. ಅದರೊಡನೆ ನೈತಿಕ ಅಧಃಪತನವೂ ಸೇರಿರಬೇಕೆಂಬುದು ಸರ್ವೋಚ್ಚ ನ್ಯಾಯಾಲಯವು ೧೯೬೩ರಿಂದಲೂ ಪಾಲಿಸಿಕೊಂಡು ಬಂದ ಮಾರ್ಗ.

ಎರಡನೆಯದು ದಿವಾಣಿ ಹೊಣೆ. ವಕೀಲನೆಂಬ ಒಂದೇ ಕಾರಣದಿಂದ ಅಜಾಗರೂಕತೆಯ ನಷ್ಟಕ್ಕೆ ದಾವೆಯಿಂದ ಯಾರಿಗೂ ವಿನಾಯಿತಿಯಿಲ್ಲವೆಂದು ೧೯೨೬ರ ವಕೀಲರ ಶುಲ್ಕ ಕಾಯಿದೆಯ ೫ನೆಯ ಕಲಮು ಸ್ಪಷ್ಟಪಡಿಸಿದೆ. ಇಂಗ್ಲೆಂಡಿನಲ್ಲಿ ನ್ಯಾಯಾಲಯದಲ್ಲಿ ವಾದಿಸುವ ವಕೀಲರಿಗೆ ಇದ್ದ ರಕ್ಷೆಯನ್ನು ಅಲ್ಲಿಯ ಪ್ರಭುಸಭೆ ೧೯೬೭ರಲ್ಲಿ ಎತ್ತಿಹಿಡಿದು, ೨೦೦೦ದಲ್ಲಿ ತೆಗೆದುಹಾಕಿತು. ಭಾರತದ ಕಾಯಿದೆ ಈ ಮಾತನ್ನು ಅದಕ್ಕಿಂತ ಏಳು ದಶಕಗಳಿಗೂ ಹಿಂದೆ ಹೇಳಿತ್ತೆಂಬುದು ಗಮನಾರ್ಹ.

ಮೂರನೆಯದು ಕ್ರಿಮಿನಲ್ ಹೊಣೆ. ವಂಚಕರೊಡನೆ ಕೈಗೂಡಿಸಿದವನಿಗೆ ಮಾತ್ರ ಇದು ತಗಲುತ್ತದೆ. ಇದರ ವಿಚಾರ ಮುಂದೆ ಬರಲಿದೆ.

ಇವಲ್ಲದೆ ಗ್ರಾಹಕ ವೇದಿಕೆಯೆಂಬ ನಾಲ್ಕನೆಯ ಬಾಗಿಲೊಂದು ಕೆಲಕಾಲ ತೆರೆದಂತೆ ತೋರಿತ್ತು. ಮರಳಿಬಂದ ಚೆಕ್ಕಿನ ಪ್ರಕರಣವೊಂದರಲ್ಲಿ ಎದುರುಪಕ್ಷದಿಂದ ದೊರೆತ ಹಣವನ್ನು ತನಗೆ ಒಪ್ಪಿಸಲಿಲ್ಲವೆಂದು ಕಕ್ಷಿಗಾರನೊಬ್ಬನು ತನ್ನ ವಕೀಲನ ಮೇಲೆ ದೂರಿದನು. ವಕೀಲರ ಸೇವೆಯೂ ಗ್ರಾಹಕ ಸಂರಕ್ಷಣ ಕಾಯಿದೆಗೆ ಒಳಪಡುವುದೆಂದು ರಾಷ್ಟ್ರೀಯ ಆಯೋಗ ೨೦೦೭ರಲ್ಲಿ ತೀರ್ಮಾನಿಸಿತು. ಸರ್ವೋಚ್ಚ ನ್ಯಾಯಾಲಯವು ೨೦೨೪ರ ಮೇ ೧೪ರಂದು ಆ ತೀರ್ಮಾನವನ್ನು ರದ್ದುಪಡಿಸಿತು. ವಕೀಲಿಯು ವ್ಯಾಪಾರವಲ್ಲ, ಕಕ್ಷಿಗಾರನ ನಿರ್ದೇಶನಕ್ಕೆ ಒಳಪಟ್ಟು ನಡೆಯುವ ವೈಯಕ್ತಿಕ ಸೇವೆ ಎಂಬುದು ಅದರ ನಿರ್ಣಯ. ಇದರಿಂದ ವಕೀಲನ ಹೊಣೆ ಅಳಿಯಿತೆಂದು ತಿಳಿಯುವುದು ಸರಿಯಲ್ಲ. ಕಡಿಮೆ ಖರ್ಚಿನ ಬಾಗಿಲೊಂದು ಮುಚ್ಚಿತು, ಅಷ್ಟೆ. ಸಣ್ಣ ಕಕ್ಷಿಗಾರನಿಗೆ ದಿವಾಣಿ ದಾವೆಯ ಹಾದಿ ದೂರದ್ದಾದುದರಿಂದ, ನಷ್ಟ ಆಗದಂತೆ ನೋಡಿಕೊಳ್ಳುವ ಭಾರ ವಕೀಲನ ಮೇಲೆ ಮೊದಲಿಗಿಂತ ಹೆಚ್ಚಾಗಿದೆಯೆಂದೇ ಹೇಳಬೇಕು.

೨. ತಾರೀಖಿನ ಅಪಾಯ

ಜೋಗೇಶ್ವರಿಯ ಮಧ್ಯದಲ್ಲಿ ಪಶ್ಚಿಮ ರೈಲ್ವೆಯ ಹಳಿಗಳು ಹಾದುಹೋಗಿವೆ. ಪೂರ್ವಕ್ಕೆ ಸುಮಾರು ಆರನೆಯ ಶತಮಾನದ ಶೈವ ಗುಹಾಲಯ, ಅದರ ಸುತ್ತ ದಟ್ಟವಾದ ವಸತಿಗಳು. ಪಶ್ಚಿಮಕ್ಕೆ ಓಶಿವರಾದ ಕಡೆಗೆ ಹಬ್ಬಿದ ಹೊಸ ಕಟ್ಟಡಗಳು. ಇಲ್ಲಿ ಕಚೇರಿಯಿಟ್ಟ ವಕೀಲನೊಬ್ಬನ ದಿನಚರಿಯನ್ನು ಊಹಿಸಿಕೊಳ್ಳಬಹುದು. ಚೆಕ್ಕಿನ ಖಟ್ಲೆ ಅಂಧೇರಿಯ ಮ್ಯಾಜಿಸ್ಟ್ರೇಟರ ಮುಂದೆ. ಬಾಡಿಗೆಯ ತಂಟೆ ಬಾಂದ್ರಾದ ಸ್ಮಾಲ್ ಕಾಸಸ್ ನ್ಯಾಯಾಲಯದಲ್ಲಿ. ದಿವಾಣಿ ದಾವೆ ದಿಂಡೋಶಿಯಲ್ಲಿ. ಅಪೀಲು ಕೋಟೆಯ ಉಚ್ಚ ನ್ಯಾಯಾಲಯದಲ್ಲಿ. ಒಂದೇ ಮುಂಜಾನೆ ಎರಡು ಕಡೆ ಹೆಸರು ಕೂಗಿದರೆ ಒಂದು ಕಡೆ ಗೈರುಹಾಜರಿ ತಪ್ಪದು. ಇದು ಅಜ್ಞಾನದ ದೋಷವಲ್ಲ, ಭೂಗೋಳದ ದೋಷ; ಆದರೆ ನ್ಯಾಯಾಲಯದ ದಾಖಲೆಯಲ್ಲಿ ಎರಡಕ್ಕೂ ಒಂದೇ ಹೆಸರು.

ವಕೀಲನ ಗೈರುಹಾಜರಿಗೆ ಅಮಾಯಕ ಕಕ್ಷಿಗಾರನು ದಂಡ ತೆರಬಾರದೆಂದು ಸರ್ವೋಚ್ಚ ನ್ಯಾಯಾಲಯವು ೧೯೮೧ರ ರಫೀಕ್ ಪ್ರಕರಣದಲ್ಲಿ ಹೇಳಿ, ವಜಾ ಆಗಿದ್ದ ಅಪೀಲನ್ನು ಮರಳಿ ಜೀವಂತಗೊಳಿಸಿತು. ಎದುರುಪಕ್ಷದ ಖರ್ಚನ್ನು ಗೈರುಹಾಜರಾದ ವಕೀಲನಿಂದಲೇ ವಸೂಲು ಮಾಡಬೇಕೆಂದೂ ಆಜ್ಞಾಪಿಸಿತು. ಆದರೆ ೧೯೯೩ರ ಸಲಿಲ್ ದತ್ತ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಇದು ಸರ್ವತ್ರ ಅನ್ವಯಿಸುವ ನಿಯಮವಲ್ಲವೆಂದು ಎಚ್ಚರಿಸಿತು. ವ್ಯವಹಾರಜ್ಞನಾದ ಕಕ್ಷಿಗಾರನು ಎಲ್ಲ ತಪ್ಪನ್ನೂ ವಕೀಲನ ತಲೆಗೆ ಕಟ್ಟಿ ಪಾರಾಗಲಾರನು. ಅಂದರೆ ತಪ್ಪಿದ ತಾರೀಖು ಸರಿಹೋದೀತೆಂಬ ಭರವಸೆ ಇಬ್ಬರಿಗೂ ಇಲ್ಲ.

ಮುದ್ದತುಗಳಲ್ಲಿಯೂ ತಾರತಮ್ಯವುಂಟು. ದಿವಾಣಿ ಡಿಕ್ರಿಯ ಮೇಲೆ ಉಚ್ಚ ನ್ಯಾಯಾಲಯಕ್ಕೆ ಅಪೀಲು ಹೋಗಲು ೧೯೬೩ರ ಕಾಲಮಿತಿ ಕಾಯಿದೆ ೯೦ ದಿನಗಳನ್ನೂ, ಇತರ ನ್ಯಾಯಾಲಯಗಳಿಗೆ ೩೦ ದಿನಗಳನ್ನೂ ಕೊಟ್ಟಿದೆ. ಯೋಗ್ಯ ಕಾರಣವಿದ್ದರೆ ೫ನೆಯ ಕಲಮಿನಂತೆ ವಿಳಂಬವನ್ನು ಮನ್ನಿಸಬಹುದು. ಆದರೆ ವಾಣಿಜ್ಯ ನ್ಯಾಯಾಲಯದ ದಾವೆಯಲ್ಲಿ ಸಮನ್ಸು ಮುಟ್ಟಿದ ೧೨೦ ದಿನಗಳು ಮುಗಿದರೆ ಪ್ರತಿವಾದಿಯ ಕೈಫಿಯತ್ತು ದಾಖಲೆಗೆ ಬರಲಾರದು. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಗೆರೆಯನ್ನು ದಾಟಲಾಗದ ಗೆರೆಯೆಂದೇ ಹೇಳಿದೆ. ಚೆಕ್ಕಿನ ವಿಷಯದಲ್ಲಿ ಮೂರು ಮೆಟ್ಟಿಲುಗಳಿವೆ. ಚೆಕ್ಕು ಮರಳಿದ ಸುದ್ದಿ ಬ್ಯಾಂಕಿನಿಂದ ಬಂದ ೩೦ ದಿನಗಳೊಳಗೆ ನೋಟೀಸು. ಅದು ಮುಟ್ಟಿದ ಮೇಲೆ ಹಣ ಕೊಡಲು ೧೫ ದಿನ. ಬಳಿಕ ಒಂದು ತಿಂಗಳೊಳಗೆ ಫಿರ್ಯಾದಿ. ಫಿರ್ಯಾದಿಯ ವಿಳಂಬವನ್ನು ನ್ಯಾಯಾಲಯ ಮನ್ನಿಸಬಹುದು. ನೋಟೀಸಿನ ವಿಳಂಬಕ್ಕೆ ಅಂಥ ಅವಕಾಶವನ್ನು ಕಾಯಿದೆ ಕೊಟ್ಟಿಲ್ಲ. ಆದುದರಿಂದ ಕ್ಷಮೆಯುಳ್ಳ ತಾರೀಖುಗಳನ್ನೂ ಕ್ಷಮೆಯಿಲ್ಲದ ತಾರೀಖುಗಳನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಮೊದಲ ಕರ್ತವ್ಯ.

ಇದಕ್ಕೆ ಉಪಾಯ ಸರಳ. ತಾರೀಖುಗಳ ಪುಸ್ತಕ ಎರಡಿರಬೇಕು. ಒಂದು ವಕೀಲನಲ್ಲಿ, ಇನ್ನೊಂದು ಗುಮಾಸ್ತನಲ್ಲಿ. ಕಾಗದ ಕೈಗೆ ಬಂದ ದಿನವೇ ಕೊನೆಯ ದಿನವನ್ನು ಲೆಕ್ಕಹಾಕಿ, ಅದಕ್ಕಿಂತ ಹದಿನೈದು ದಿನ ಹಿಂದೆ ಒಂದು, ಮೂರು ದಿನ ಹಿಂದೆ ಇನ್ನೊಂದು ಎಚ್ಚರಿಕೆಯನ್ನು ಬರೆದಿಡಬೇಕು. ಲೆಕ್ಕ ಮಾಡಿದವನೊಬ್ಬ, ತಾಳೆ ನೋಡಿದವನು ಬೇರೊಬ್ಬನಾಗಿರಬೇಕು. ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ಒಬ್ಬನ ಬರಹವನ್ನು ಇನ್ನೊಬ್ಬನು ಪರೀಕ್ಷಿಸದೆ ದಿನ ಮುಗಿಯದೆಂಬ ಪದ್ಧತಿ ಯಾವ ಅವಿಶ್ವಾಸದಿಂದ ಹುಟ್ಟಿದುದೂ ಅಲ್ಲ. ಮನುಷ್ಯನ ಕಣ್ಣು ತನ್ನ ತಪ್ಪನ್ನು ತಾನೇ ಕಾಣದೆಂಬ ಅನುಭವದಿಂದ ಹುಟ್ಟಿದುದು. ಇಂದಿನ ಗಣಕಯಂತ್ರವೂ ದೂರವಾಣಿಯೂ ಎಚ್ಚರಿಕೆಯ ಗಂಟೆಯನ್ನು ಬಾರಿಸಬಲ್ಲವು. ಆದರೆ ಅವಕ್ಕೆ ತಪ್ಪು ತಾರೀಖನ್ನು ಕೊಟ್ಟರೆ ತಪ್ಪು ದಿನವೇ ಗಂಟೆ ಬಾರಿಸುವುವು.

೩. ಯಾರ ವಕೀಲ?

ಜೋಗೇಶ್ವರಿಯಲ್ಲಿ ಹಳೆಯ ಕಟ್ಟಡಗಳ ಪುನರ್ನಿರ್ಮಾಣ ಇಂದು ದೊಡ್ಡ ವ್ಯವಹಾರ. ಹತ್ತಾರು ಕುಟುಂಬಗಳ ಸಹಕಾರಿ ಗೃಹಸಂಘವೊಂದು ಬಿಲ್ಡರನೊಡನೆ ಕರಾರು ಮಾಡಿಕೊಳ್ಳುವುದೆಂದು ಭಾವಿಸಬಹುದು. ಕರಾರನ್ನು ಬರೆಯುವ ವಕೀಲನ ಶುಲ್ಕವನ್ನು ಬಿಲ್ಡರನೇ ಕೊಡುತ್ತಾನೆ. ಸಂಘದ ಕಾರ್ಯದರ್ಶಿ ವಕೀಲನ ಬಂಧು. ಸದಸ್ಯರಲ್ಲಿ ನಾಲ್ವರು ಯೋಜನೆಗೆ ಒಪ್ಪದವರು. ಬಾಡಿಗೆಯ ಹಣ ಮಧ್ಯದಲ್ಲಿ ನಿಂತು, ಕೆಲಸ ಸ್ಥಗಿತಗೊಂಡು, ಮನೆ ಬಿಟ್ಟವರು ಬೀದಿಗೆ ಬಿದ್ದಾಗ ಪ್ರತಿಯೊಬ್ಬನೂ ಕೇಳುವ ಪ್ರಶ್ನೆ ಒಂದೇ: “ಇವರು ನಮ್ಮ ವಕೀಲರಲ್ಲವೇ?” ಸಂಘದ ವಕೀಲನು ಪ್ರತಿಯೊಬ್ಬ ಸದಸ್ಯನ ವಕೀಲನಲ್ಲ, ಹಣ ಕೊಟ್ಟವನೆಲ್ಲ ಕಕ್ಷಿಗಾರನೂ ಅಲ್ಲ. ಆದರೆ ಈ ಮಾತನ್ನು ಮೊದಲೇ ಬರೆದು ಹೇಳದಿದ್ದಲ್ಲಿ ನಂತರ ಹೇಳಿದುದು ನುಣುಚಿಕೊಳ್ಳುವ ಮಾತಾಗಿ ಕೇಳಿಸುತ್ತದೆ.

ಕಕ್ಷಿಗಾರನನ್ನು ಸ್ವೀಕರಿಸುವಾಗಲೇ ಎದುರುಪಕ್ಷದೊಡನೆ ತನಗಿರುವ ಸಂಬಂಧವನ್ನು ಪೂರ್ಣವಾಗಿ ತಿಳಿಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ೧೪ನೆಯ ನಿಯಮವೂ, ಒಂದು ಪಕ್ಷಕ್ಕೆ ಸಲಹೆ ಕೊಟ್ಟವನು ಅದೇ ವಿಷಯದಲ್ಲಿ ಎದುರುಪಕ್ಷಕ್ಕೆ ನಿಲ್ಲಬಾರದೆಂದು ೩೩ನೆಯ ನಿಯಮವೂ ವಿಧಿಸಿವೆ. ಇವನ್ನು ಪಾಲಿಸಲು ಪ್ರತಿ ಕಚೇರಿಯಲ್ಲಿಯೂ ಹಳೆಯ ಮತ್ತು ಹೊಸ ಕಕ್ಷಿಗಾರರ, ಎದುರುಪಕ್ಷದವರ ಹೆಸರುಗಳ ಅಕಾರಾದಿ ಪಟ್ಟಿಯೊಂದು ಬೇಕು. ಹೊಸ ಖಟ್ಲೆಯನ್ನು ಸ್ವೀಕರಿಸುವ ಮುನ್ನ ಆ ಪಟ್ಟಿಯನ್ನು ನೋಡುವುದು ಐದು ನಿಮಿಷದ ಕೆಲಸ.

ಅನಂತರದ್ದು ಒಪ್ಪಿಗೆಯ ಪತ್ರ. ಕಕ್ಷಿಗಾರನು ಯಾರು, ಯಾವ ಕೆಲಸಕ್ಕೆ ವಕೀಲನು ಒಪ್ಪಿರುವನು, ಯಾವುದಕ್ಕೆ ಒಪ್ಪಿಲ್ಲ, ಶುಲ್ಕವೆಷ್ಟು, ನಿರ್ದೇಶನ ಕೊಡುವ ಅಧಿಕಾರ ಯಾರದು ಎಂಬ ಐದು ಅಂಶಗಳು ಅದರಲ್ಲಿದ್ದರೆ ಸಾಕು. ಹೋಟೆಲನ್ನು ನಡೆಸಲು ಕೊಡುವ ಕರಾರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ವ್ಯವಹಾರವನ್ನು ನಡೆಸುವ ಕಂಡಕ್ಟಿಂಗ್ ಕರಾರೋ, ಜಾಗವನ್ನು ಬಳಸುವ ಲೈಸೆನ್ಸೋ ಎಂಬುದರ ಮೇಲೆ ಮುಂದಿನ ತಂಟೆ ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದು ನಿಲ್ಲುತ್ತದೆ. ಕರಾರು ಬರೆಯಲು ಮಾತ್ರ ಒಪ್ಪಿದ ವಕೀಲನು ಅದರ ನೋಂದಣಿಯನ್ನೂ ನೋಡಿಕೊಳ್ಳುವನೆಂದು ಹೋಟೆಲಿನ ಯಜಮಾನನು ನಂಬಿ ಕುಳಿತರೆ, ತಪ್ಪು ಇಬ್ಬರ ನಡುವಿನ ಮೌನದ್ದು.

ಒಪ್ಪದ ಖಟ್ಲೆಗೂ ಪತ್ರ ಬೇಕು. ಮದುವೆಯ ಊಟದ ಪಂಕ್ತಿಯಲ್ಲಿ, ಸಂಘದ ವಾರ್ಷಿಕೋತ್ಸವದ ಅಂಗಳದಲ್ಲಿ, ಚರ್ಚ್‌ಗೇಟಿನ ಗಾಡಿಯಲ್ಲಿ ನಿಂತು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಕೇಳಿದವನು ಸಲಹೆಯೆಂದೇ ಹಿಡಿಯುತ್ತಾನೆ. “ನೋಡೋಣ” ಎಂಬ ಸೌಜನ್ಯದ ಮಾತಿಗೆ “ನೋಡಿಕೊಳ್ಳುತ್ತೇನೆ” ಎಂಬ ಅರ್ಥ ಬರುವುದು ಪರಿಚಿತರ ಸಮಾಜದಲ್ಲಿ ಬಹು ಸುಲಭ. “ಈ ಖಟ್ಲೆಯನ್ನು ಕೈಗೊಂಡಿಲ್ಲ; ಇದಕ್ಕೆ ಕಾಲಮಿತಿಯುಂಟು; ಕೂಡಲೆ ಬೇರೊಬ್ಬರನ್ನು ಕಾಣಬೇಕು” ಎಂಬ ಮೂರು ಸಾಲಿನ ಪತ್ರ ಸ್ನೇಹವನ್ನೂ ಉಳಿಸುತ್ತದೆ, ಹೊಣೆಯನ್ನೂ ತಿಳಿಗೊಳಿಸುತ್ತದೆ.

೪. ಬ್ಯಾಂಕಿಗೆ ಕೊಡುವ ಅಭಿಪ್ರಾಯ

ಮನೆಸಾಲ ಕೊಡುವ ಬ್ಯಾಂಕು ಹಕ್ಕುಪತ್ರಗಳ ಪರೀಕ್ಷೆಗೆ ತನ್ನ ಪಟ್ಟಿಯ ವಕೀಲನನ್ನು ಆಶ್ರಯಿಸುತ್ತದೆ. ಅವನ ಎರಡು ಪುಟದ ಅಭಿಪ್ರಾಯದ ಮೇಲೆ ಲಕ್ಷಾಂತರ ರೂಪಾಯಿ ಹೊರಹೋಗುತ್ತದೆ. ಇಲ್ಲಿ ಕನ್ನಡಿಗರಿಗೆ ಪರಿಚಿತವಾದ ಒಂದು ಪ್ರಕರಣವುಂಟು. ೧೯೩೧ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಗಿ, ೨೦೧೯ರ ಏಪ್ರಿಲ್ ೧ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಹೈದರಾಬಾದಿನ ನಾರಾಯಣಗುಡ ಶಾಖೆಯಲ್ಲಿ ಸುಳ್ಳು ದಾಖಲೆಗಳ ಮೇಲೆ ಗೃಹಸಾಲಗಳು ಮಂಜೂರಾದುವೆಂಬ ಆರೋಪ ಬಂತು. ಅಭಿಪ್ರಾಯ ಕೊಟ್ಟ ಪಟ್ಟಿಯ ವಕೀಲನನ್ನೂ ಕೇಂದ್ರ ತನಿಖಾ ಸಂಸ್ಥೆ ಆರೋಪಿಯನ್ನಾಗಿ ಸೇರಿಸಿತು. ೨೦೧೨ರ ಸೆಪ್ಟೆಂಬರ್ ೨೧ರಂದು ಸರ್ವೋಚ್ಚ ನ್ಯಾಯಾಲಯವು ಆ ವಕೀಲನ ಮೇಲಿನ ಕ್ರಮವು ನಿಲ್ಲದೆಂದು ನಿರ್ಣಯಿಸಿತು. ಅಭಿಪ್ರಾಯವು ಬ್ಯಾಂಕಿಗೆ ಒಪ್ಪಿಗೆಯಾಗದ ಮಾತ್ರಕ್ಕೆ ವಕೀಲನು ಅಪರಾಧಿಯಾಗನು. ವಂಚನೆಯ ಸಂಚಿನಲ್ಲಿ ಅವನು ಸೇರಿದ್ದನೆಂಬುದಕ್ಕೆ ಆಧಾರ ಬೇಕು. ಅಜಾಗರೂಕತೆ ಸಿದ್ಧವಾದರೆ ಅದಕ್ಕೆ ಬೇರೆ ಪರಿಹಾರಗಳುಂಟು ಎಂಬುದು ಅದರ ಸಾರ.

ಈ ತೀರ್ಪು ವಕೀಲನನ್ನು ಸೆರೆಮನೆಯ ಭಯದಿಂದ ಕಾಯಿತು. ಶ್ರದ್ಧೆಯ ಕರ್ತವ್ಯದಿಂದ ಬಿಡಿಸಲಿಲ್ಲ. ವಂಚನೆಯಲ್ಲಿ ಪಾತ್ರವಹಿಸಿದ ವಕೀಲರು, ಮೌಲ್ಯಮಾಪಕರು ಮುಂತಾದವರ ವಿವರಗಳನ್ನು ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಬ್ಯಾಂಕುಗಳು ಭಾರತೀಯ ಬ್ಯಾಂಕುಗಳ ಸಂಘಕ್ಕೆ ಕಳುಹಿಸುವ ಪದ್ಧತಿಯುಂಟು; ಆ ಎಚ್ಚರಿಕೆಯ ಪಟ್ಟಿಯಲ್ಲಿ ಹೆಸರು ಸೇರಿದರೆ ವೃತ್ತಿಯ ಒಂದು ದೊಡ್ಡ ಭಾಗಕ್ಕೇ ಕುತ್ತು. ಅಭಿಪ್ರಾಯ ಬರೆಯುವವನು ನಾಲ್ಕು ಸಂಗತಿಗಳನ್ನು ಮರೆಯದೆ ನಮೂದಿಸಬೇಕು: ಮೂಲಪತ್ರವನ್ನು ನೋಡಿದನೋ ನಕಲನ್ನೋ, ನೋಂದಣಿ ಕಚೇರಿಯ ಶೋಧವನ್ನು ಯಾವ ವರ್ಷದಿಂದ ಯಾವ ವರ್ಷದವರೆಗೆ ಮಾಡಿದನು, ಆ ಕಚೇರಿಯಲ್ಲಿ ಯಾವ ಪುಟಗಳು ಹರಿದಿದ್ದುವು ಅಥವಾ ದೊರೆಯಲಿಲ್ಲ, ಯಾವ ಸಂಗತಿಗೆ ಕೇವಲ ಸಾಲಗಾರನ ಮಾತೇ ಆಧಾರ. ಹಕ್ಕು ನಿರ್ದುಷ್ಟವೆಂಬ ಒಂದು ವಾಕ್ಯ ಓದಲು ಸುಂದರ. ಪರೀಕ್ಷೆಯ ಮಿತಿಗಳನ್ನು ಹೇಳುವ ನಾಲ್ಕು ವಾಕ್ಯಗಳು ಬ್ಯಾಂಕಿಗೂ ವಕೀಲನಿಗೂ ಹೆಚ್ಚು ಉಪಯುಕ್ತ. ಜೋಗೇಶ್ವರಿಯಲ್ಲಿ ಇದಕ್ಕೆ ವಿಶೇಷ ಅರ್ಥವುಂಟು. ಸದಸ್ಯನು ಹೊಂದಿರುವುದು ಫ್ಲ್ಯಾಟಿನ ಷೇರುಪತ್ರ. ಕಟ್ಟಡದ ನೆಲ ಎಷ್ಟೋ ಸಂಘಗಳಿಗೆ ಇನ್ನೂ ವರ್ಗವಾಗಿಲ್ಲ. ಬಿಲ್ಡರನು ಬರೆದುಕೊಡದಿದ್ದರೂ ಸಕ್ಷಮ ಅಧಿಕಾರಿಯ ಮೂಲಕ ನೆಲವನ್ನು ಪಡೆಯುವ ಮಾರ್ಗವನ್ನು ೧೯೬೩ರ ಮಹಾರಾಷ್ಟ್ರ ಫ್ಲ್ಯಾಟುಗಳ ಕಾಯಿದೆಗೆ ೨೦೦೮ರಲ್ಲಿ ಬಂದ ತಿದ್ದುಪಡಿ ತೆರೆದಿದೆ. ನೆಲ ಯಾರ ಹೆಸರಿನಲ್ಲಿದೆಯೆಂದು ಹೇಳದ ಅಭಿಪ್ರಾಯ ಅರ್ಧ ಅಭಿಪ್ರಾಯವೇ ಸರಿ.

೫. ಊರಿನ ಆಸ್ತಿ, ಊರಿನ ಮಾತು

ವಲಸೆ ಬಂದ ಸಮಾಜದ ವಕೀಲನಿಗೆ ಇನ್ನೊಂದು ವಿಶಿಷ್ಟ ಅಪಾಯವುಂಟು. ಮನೆ ಮುಂಬಯಿಯಲ್ಲಿ, ಆಸ್ತಿ ಊರಿನಲ್ಲಿ. ಕರ್ನಾಟಕದ ಭೂಸುಧಾರಣೆಯಲ್ಲಿ ೧೯೭೪ರ ಮಾರ್ಚ್ ೧ರಂದು ಗೇಣಿಯ ಭೂಮಿಗಳು ಸರಕಾರದಲ್ಲಿ ನಿಹಿತವಾದಾಗ, ಗೇಣಿದಾರನು ಅಧಿಭೋಗದ ಹಕ್ಕಿಗಾಗಿ ೭ನೆಯ ನಮೂನೆಯಲ್ಲಿ ಅರ್ಜಿ ಕೊಡಲು ೧೯೭೯ರ ಜೂನ್ ೩೦ ಕೊನೆಯ ದಿನವಾಯಿತು. ಅಂದು ಅರ್ಜಿ ಕೊಡದವರಿಗಾಗಿ ೭೭-ಎ ಕಲಮಿನ ಸೀಮಿತ ಅವಕಾಶ ೧೯೯೮ರಲ್ಲಷ್ಟೇ ಬಂತು. ಒಂದು ತಾರೀಖು ಒಂದು ಕುಟುಂಬದ ಗದ್ದೆಯನ್ನು ನಿರ್ಧರಿಸಬಲ್ಲುದೆಂಬುದಕ್ಕೆ ಕರಾವಳಿಯವರಿಗೆ ಬೇರೆ ನಿದರ್ಶನ ಬೇಕಿಲ್ಲ. ಅಂತೆಯೇ ಅಳಿಯಸಂತಾನದ ಕುಟುಂಬದ ಪಾಲನ್ನು ಮಿತಾಕ್ಷರದ ಲೆಕ್ಕದಲ್ಲಿ ಹಂಚಿ ಹೇಳಿದರೆ ಸಲಹೆಯೇ ತಲೆಕೆಳಗಾದೀತು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯನ್ನೂ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೭ ಮತ್ತು ೧೭ನೆಯ ಕಲಮುಗಳನ್ನೂ ಕೂಡಿಸಿ ಓದಬೇಕಾಗುತ್ತದೆ. ತನಗೆ ಪರಿಚಯವಿಲ್ಲದ ಪ್ರಾಂತದ ಕಾನೂನಿನಲ್ಲಿ ಉಡುಪಿಯ ಅಥವಾ ಕಾರವಾರದ ವಕೀಲನನ್ನು ಕೇಳುವುದು ಹಿರಿಮೆಗೆ ಕುಂದಲ್ಲ.

ಭಾಷೆಯೂ ಅಪಾಯದ ಮೂಲವೇ. ಕರಾರು ಇಂಗ್ಲಿಷಿನಲ್ಲಿ, ಕಚೇರಿಯ ಕಾಗದ ಮರಾಠಿಯಲ್ಲಿ, ವಿವರಣೆ ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಕಕ್ಷಿಗಾರನಿಗೆ ತಿಳಿದುದು ಆಡಿದ ಮಾತು. ಸಹಿ ಬಿದ್ದುದು ಬರೆದ ಮಾತಿನ ಕೆಳಗೆ. ಎರಡರ ನಡುವೆ ಅಂತರವಿದ್ದರೆ ಅದು ಹೊರಬೀಳುವುದು ವರ್ಷಗಳ ನಂತರ, ನ್ಯಾಯಾಲಯದಲ್ಲಿ. ಮುಖ್ಯ ಸಲಹೆಯನ್ನೂ, ಕಕ್ಷಿಗಾರನು ಆರಿಸಿದ ಮಾರ್ಗವನ್ನೂ, ಅದರ ಅಪಾಯವನ್ನೂ ಅವನು ಓದಬಲ್ಲ ಭಾಷೆಯಲ್ಲಿ ಒಂದು ಪುಟದಲ್ಲಿ ಬರೆದುಕೊಟ್ಟು, ಪ್ರತಿಯ ಮೇಲೆ ಅವನ ಸಹಿ ಪಡೆಯುವುದು ಅಗತ್ಯ. ರಾಜಿಯ ವಿಷಯದಲ್ಲಂತೂ ಇದು ಕಡ್ಡಾಯವೆಂದೇ ತಿಳಿಯಬೇಕು. ಕಕ್ಷಿಗಾರನ ಸ್ಪಷ್ಟ ಅಧಿಕಾರವಿಲ್ಲದೆ ಅವನ ಹಕ್ಕನ್ನು ಬಿಟ್ಟುಕೊಡುವ ಮಾತನ್ನು ವಕೀಲನು ಆಡಬಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೫ರಲ್ಲಿ ಹಿಮಾಲಯನ್ ಸಹಕಾರಿ ಗೃಹಸಂಘದ ಪ್ರಕರಣದಲ್ಲಿ ಹೇಳಿದೆ.

೬. ಹಣ, ಕಡತ, ವಿಮೆ

ಕಕ್ಷಿಗಾರನ ಹಣಕ್ಕೆ ಲೆಕ್ಕವಿಡಬೇಕೆಂದೂ, ಬಂದ ಹಣ ಶುಲ್ಕಕ್ಕೋ ಖರ್ಚಿಗೋ ಎಂಬುದನ್ನು ಅದರಲ್ಲಿ ಕಾಣಿಸಬೇಕೆಂದೂ ಪರಿಷತ್ತಿನ ೨೫ ಮತ್ತು ೨೬ನೆಯ ನಿಯಮಗಳು ವಿಧಿಸಿವೆ. ಪ್ರತ್ಯೇಕ ಬ್ಯಾಂಕುಖಾತೆಯಿದ್ದರೆ ಈ ಲೆಕ್ಕ ತನ್ನಿಂದ ತಾನೇ ಆಗುತ್ತದೆ. ೨೦೨೪ರ ತೀರ್ಪಿಗೆ ಕಾರಣವಾದ ದೂರಿನ ಮೂಲ ಎದುರುಪಕ್ಷದವನು ಕೊಟ್ಟ ೨೫,೦೦೦ ರೂಪಾಯಿ ಎಂಬುದನ್ನು ನೆನೆದರೆ, ಸಣ್ಣ ಮೊತ್ತದ ಲೆಕ್ಕವೂ ಎಷ್ಟು ದೂರ ಒಯ್ಯಬಲ್ಲುದೆಂಬುದು ಗೊತ್ತಾಗುತ್ತದೆ. ಶುಲ್ಕ ಬಾಕಿಯಿದೆಯೆಂದು ಕಡತವನ್ನು ತಡೆಹಿಡಿಯುವುದೂ ಸಲ್ಲದು. ಮಧ್ಯಪ್ರದೇಶದ ರಾಜ್ಯ ಸಹಕಾರಿ ಬ್ಯಾಂಕಿನ ಕಡತಗಳನ್ನು ಹಾಗೆ ಇಟ್ಟುಕೊಂಡ ವಕೀಲನ ಪ್ರಕರಣದಲ್ಲಿ, ವಕೀಲನಿಗ�� ಕಡತದ ಮೇಲೆ ಅಂಥ ಹಕ್ಕಿಲ್ಲವೆಂದು ೨೦೦೦ದಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿತು. ಶುಲ್ಕಕ್ಕೆ ದಾವೆ ಹೂಡಬಹುದು. ಕಾಗದವನ್ನು ರಸೀತಿ ಪಡೆದು ಹಿಂತಿರುಗಿಸಬೇಕು.

ವಿಮೆಯ ವಿಚಾರದಲ್ಲಿ ದೇಶ ದೇಶಗಳ ಪದ್ಧತಿ ಬೇರೆ. ಇಂಗ್ಲೆಂಡಿನ ಸಾಲಿಸಿಟರುಗಳಿಗೆ ೧೯೭೬ರಿಂದ ವೃತ್ತಿಹೊಣೆಯ ವಿಮೆ ಕಡ್ಡಾಯ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ೧೯೭೮ರಿಂದ ವಕೀಲರ ಹೊಣೆನಿಧಿಯೊಂದು ನಡೆಯುತ್ತಿದೆ; ಅದು ನಷ್ಟವನ್ನು ತುಂಬಿಕೊಡುವುದಲ್ಲದೆ, ನಷ್ಟವಾಗದಂತೆ ಕಚೇರಿಯನ್ನು ನಡೆಸುವ ಬಗೆಯನ್ನೂ ವಕೀಲರಿಗೆ ಕಲಿಸುತ್ತದೆ. ಭಾರತದಲ್ಲಿ ಈ ವಿಮೆ ಐಚ್ಛಿಕ. ಕೊಳ್ಳುವವನು ಗಮನಿಸಬೇಕಾದ ಮುಖ್ಯ ಅಂಶವೊಂದುಂಟು: ಇಂಥ ಪಾಲಿಸಿಗಳು ಸಾಮಾನ್ಯವಾಗಿ ತಪ್ಪು ನಡೆದ ವರ್ಷವನ್ನಲ್ಲ, ದಾವೆ ಬಂದ ವರ್ಷವನ್ನು ನೋಡುತ್ತವೆ. ಮಧ್ಯದಲ್ಲಿ ಪಾಲಿಸಿ ನಿಂತರೆ ಹಳೆಯ ಕೆಲಸಕ್ಕೆ ರಕ್ಷೆ ಉಳಿಯದು.

೭. ತಪ್ಪು ನಡೆದಮೇಲೆ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ತಪ್ಪು ನಡೆಯುತ್ತದೆ. ಅದನ್ನು ಬಚ್ಚಿಟ್ಟು “ತಾರೀಖು ಮುಂದೆ ಹೋಗಿದೆ” ಎಂದು ಹೇಳುತ್ತ ಹೋಗುವಲ್ಲಿ ಅಜಾಗರೂಕತೆಯು ದುರ್ನಡತೆಯಾಗಿ ಮಾರ್ಪಡುತ್ತದೆ. ದಿವಾಣಿಯ ಹೊಣೆಯಾಗಿದ್ದುದು ಸನ್ನದಿಗೇ ಅಪಾಯವಾಗುತ್ತದೆ. ಕಕ್ಷಿಗಾರನಿಗೆ ಕೂಡಲೆ ಲಿಖಿತವಾಗಿ ತಿಳಿಸುವುದು, ವಿಳಂಬಮನ್ನಣೆಯ ಅರ್ಜಿಯನ್ನು ತಡವಿಲ್ಲದೆ ಸಲ್ಲಿಸುವುದು, ಬೇರೊಬ್ಬ ವಕೀಲನ ಸಲಹೆ ಪಡೆಯುವಂತೆ ಅವನಿಗೆ ಹೇಳುವುದು, ವಿಮೆಯಿದ್ದರೆ ಕಂಪನಿಗೆ ಸೂಚಿಸುವುದು, ಕಡತದ ಒಂದು ಹಾಳೆಯನ್ನೂ ಬದಲಿಸದಿರುವುದು, ಇವು ಪಾಲಿಸಬೇಕಾದ ನಿಯಮಗಳು. ಐದು ದಿನದ ವಿಳಂಬವನ್ನು ನ್ಯಾಯಾಲಯ ಮನ್ನಿಸಬಹುದು. ಐದು ವರ್ಷದ ಸುಳ್ಳನ್ನು ಮನ್ನಿಸುವುದು ಕಷ್ಟ.

ಕಕ್ಷಿಗಾರನಿಗೂ ಕರ್ತವ್ಯವುಂಟು. ತನ್ನ ಖಟ್ಲೆಯ ಸಂಖ್ಯೆಯನ್ನು ತಿಳಿದಿರಬೇಕು. ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಮುಂದಿನ ತಾರೀಖನ್ನು ಈಗ ಯಾರಾದರೂ ನೋಡಬಹುದು. ತನಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಮಗಳಿಂದ ನೋಡಿಸಬಹುದು. ಕೊಟ್ಟ ಹಣಕ್ಕೆ ರಸೀತಿ, ಕೊಟ್ಟ ಕಾಗದಕ್ಕೆ ಪಟ್ಟಿ, ಕೇಳಿದ ಸಲಹೆಗೆ ಪತ್ರ, ಈ ಮೂರನ್ನು ಬೇಡುವುದು ಅವಿಶ್ವಾಸವಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆ ವಕೀಲನಿಗೆ ಅರ್ಧ ಮಾತ್ರ ಹೊಂದುತ್ತದೆ. ಅವನ ಮಾತು ನ್ಯಾಯಾಧೀಶನ ಮುಂದೆ ಕಕ್ಷಿಗಾರನನ್ನು ಕಾಯುತ್ತದೆ. ಕಚೇರಿಯಲ್ಲಿ ಇಬ್ಬರನ್ನೂ ಕಾಯುವುದು ಬರಹ. ಜೋಗೇಶ್ವರಿಯ ಒಂದು ಖೋಲಿ, ಹೋಟೆಲಿನ ಒಂದು ಕರಾರು, ಊರಿನ ಒಂದು ತುಂಡು ಗದ್ದೆ ಇವು ಕಡತದಲ್ಲಿ ಸಣ್ಣ ಸಂಖ್ಯೆಗಳಾಗಿ ಕಾಣಬಹುದು. ಅವುಗಳನ್ನು ಒಪ್ಪಿಸಿದವನಿಗೆ ಅನೇಕ ವೇಳೆ ಅದಲ್ಲದೆ ಬೇರೆ ಆಸ್ತಿಯಿರುವುದಿಲ್ಲ. ವಕೀಲನ ಎಚ್ಚರಿಕೆಗೆ ಅಳತೆಗೋಲಾಗತಕ್ಕದ್ದು ಶುಲ್ಕದ ಮೊತ್ತವಲ್ಲ, ಕಕ್ಷಿಗಾರನು ಕಳೆದುಕೊಳ್ಳಬಹುದಾದ ವಸ್ತುವಿನ ಬೆಲೆ.